ಐಸ್‌ಕ್ರೀಂ ದೊಡ್ಡಮ್ಮ

ಎಲ್ಲರೂ ಅವರನ್ನು ಐಸ್‌ಕ್ರೀಂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿ ಬೆಣ್ಣೆಯಂಥ ಹೆಂಗಸು ಎಂದುಕೊಂಡರೆ ಮೋಸ ಹೋದಿರಿ. ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷ ಮೀಟರ್ ಕೋಲು ಹಿಡಿದು ನಿಂತವರು ಅವರು. ಗಿರಾಕಿಗೆ ಒಂದು ಬೆರಳು ಕಡಿಮೆ ಕೊಟ್ಟವರಲ್ಲ, ಒಂದು ಬೆರಳು ಹೆಚ್ಚೂ ಕೊಟ್ಟವರಲ್ಲ. ಮಾತೂ ಹಾಗೆಯೇ, ಕಡ್ಡಿ ತುಂಡು ಮಾಡಿದ ಹಾಗೆ. ಇಂಥವರನ್ನು ಜನ ಹಿಂದಿನಿಂದ ಹೊಗಳುತ್ತಾರೆ, ಮನೆಗೆ ಕರೆಯುವಾಗ ಮಾತ್ರ ಹಿಂದೆಮುಂದೆ ನೋಡುತ್ತಾರೆ. ದೊಡ್ಡಮ್ಮನನ್ನು ಕರೆಯಲು ಒಂದು ಕಾರಣ ಬೇಕಿತ್ತು. ಆ ಕಾರಣ ಅವರ ಅಡುಗೆಮನೆಯ ಅಟ್ಟದ ಮೇಲೆ ಗೋಣಿಚೀಲ ಹೊದ್ದು ಕೂತಿತ್ತು.

ಅದೊಂದು ಮರದ ತೊಟ್ಟಿ. ನಡುವೆ ಉದ್ದನೆಯ ಸ್ಟೀಲ್ ಡಬ್ಬಿ, ಮೇಲೊಂದು ಹಿಡಿಕೆ. ಡಬ್ಬಿಗೆ ಹಾಲು, ಕೆನೆ, ಸಕ್ಕರೆ ಸುರಿದು, ಸುತ್ತ ಐಸಿನ ಚೂರು ಮತ್ತು ಕಲ್ಲುಪ್ಪು ತುಂಬಿ ಹಿಡಿಕೆ ತಿರುಗಿಸುತ್ತಾ ಹೋದರೆ, ತೋಳು ಬಿದ್ದುಹೋಗುವ ಹೊತ್ತಿಗೆ ಒಳಗಿನದು ಗಟ್ಟಿಯಾಗುತ್ತದೆ. ಹಾಲು ಕಾಯಿಸಿ ಇಳಿಸುವುದು, ಸಕ್ಕರೆ ಅಳೆಯುವುದು, ಕೊನೆಗೆ ಬಡಿಸುವುದು ದೊಡ್ಡಮ್ಮನ ಪಾಲು. ತಿರುಗಿಸುವುದು ದೊಡ್ಡಪ್ಪನ ಪಾಲು. ದೊಡ್ಡಪ್ಪ ಬಾಯಿ ಬಿಡುತ್ತಿದ್ದುದೇ ಅಪರೂಪ. ಆ ಮನೆಯಲ್ಲಿ ಮಾತಿನ ಖಾತೆ ಪೂರ್ತಿ ಹೆಂಡತಿಯ ಕೈಯಲ್ಲಿತ್ತು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ತಮ್ಮ ಪಾಡಿಗೆ ತಿರುಗಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ಒಂದು ಚಮಚ ಬಾಯಿಗಿಟ್ಟು "ಹೂಂ" ಎನ್ನುತ್ತಿದ್ದರು. ಆ ಹೂಂ ಬಂದ ಮೇಲೆಯೇ ಐಸ್‌ಕ್ರೀಂ ಹೊಸಿಲು ದಾಟುತ್ತಿದ್ದುದು. ದೊಡ್ಡಮ್ಮ ತಾವೇ ರುಚಿ ನೋಡುವಂತಿರಲಿಲ್ಲ. ಸಕ್ಕರೆ ಕಾಯಿಲೆ. ಡಾಕ್ಟರು ಬೇಡ ಎಂದ ದಿನದಿಂದ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿರಲಿಲ್ಲ. ಅವರ ಹಠದ ಮುಂದೆ ಕಾಯಿಲೆಯೇ ಸುಸ್ತು.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ಮಕ್ಕಳಿರಲಿಲ್ಲ. ದೊಡ್ಡಮ್ಮ ಗೋಗರೆಯುವ ಪೈಕಿಯಲ್ಲ, ಹಾಗಾಗಿ ಬಂದವರು ಎರಡು ದಿನ ಇದ್ದು, ಇವರು ಗಟ್ಟಿಗಿತ್ತಿ, ನಿಭಾಯಿಸುತ್ತಾರೆ ಎಂದು ಹೊರಟುಹೋದರು. ನಿಭಾಯಿಸಿದರು. ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಬೆರೆಸಿ, ಎರಡನ್ನೂ ತಾವೇ ಕುಡಿದು, ಮಧ್ಯಾಹ್ನ ಟಿವಿಯಲ್ಲಿ ವಾರ್ತೆ ಓದುವವಳನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. "ಎಷ್ಟು ಬೇಗ ಓದ್ತೀಯೇ, ಬಸ್ ಹೊರಟೋಗತ್ತಾ?" ಅವಳು ತಿರುಗಿ ಮಾತಾಡುತ್ತಿರಲಿಲ್ಲ, ಅದೇ ತೊಂದರೆ. ಆ ವರ್ಷ ಬಂಧುಗಳ ಮನೆಯಲ್ಲಿ ಒಂದು ಪಾರ್ಟಿಯೂ ನಡೆಯಲಿಲ್ಲವೋ, ನಡೆದರೂ ಇವರಿಗೆ ಹೇಳಲಿಲ್ಲವೋ, ಅಂತೂ ಐಸ್‌ಕ್ರೀಂ ಕೇಳಿ ಫೋನು ಬರಲಿಲ್ಲ.

ಕೊನೆಗೊಂದು ಫೋನು ಬಂತು. ಮೈದುನನ ಮಗ. ಮದುವೆಯಾಗಿ ಹತ್ತು ವರ್ಷವಾಯಿತೆಂದು ಭಾನುವಾರ ಮಧ್ಯಾಹ್ನ ಹಾಲ್‌ನಲ್ಲಿ ನೂರು ಜನಕ್ಕೆ ಊಟ.

"ದೊಡ್ಡಮ್ಮ, ಐಸ್‌ಕ್ರೀಂ ಅಂಗಡಿಯಿಂದ ತರಿಸ್ತೀವಿ. ನೀವು ಆರಾಮಾಗಿ ಬಂದು ಕೂತ್ಕೊಳ್ಳಿ, ಸಾಕು."

"ಕೂತ್ಕೊಳ್ಳೋಕೆ ನಮ್ಮನೇಲೂ ಕುರ್ಚಿ ಇದೆ ಕಣೋ. ನಾನು ಇನ್ನೂ ಇದ್ದೀನಿ. ಅಂಗಡಿಯವನಿಗೆ ಬೇಡ ಅಂತ ಹೇಳು."

ಅವನು ಜಪ್ಪಯ್ಯ ಅಂದರೂ ಬಿಡಲಿಲ್ಲ. ಐಸ್‌ಕ್ರೀಂ ಇಲ್ಲದೆ ಪಾರ್ಟಿಗೆ ಹೋದರೆ ತಮ್ಮ ಜಾಗ ಎಲ್ಲಿ ಎಂದು ದೊಡ್ಡಮ್ಮನಿಗೆ ಗೊತ್ತಿತ್ತು. ಮುದುಕಿಯರ ಮೂಲೆ. ಅಲ್ಲಿ ಕೂತವರನ್ನು ಬಂದವರೆಲ್ಲ "ಊಟ ಆಯ್ತಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಂದೆ ಹೋಗುತ್ತಾರೆ. ಇವರು ಇಷ್ಟು ವರ್ಷ ಹಾಗೆಯೇ ಕೇಳಿ ಮುಂದೆ ಹೋದವರು. ಈ ಸಲ ರುಚಿ ಕೆಟ್ಟರೆ ಇನ್ನು ಕರೆಯುವುದಕ್ಕೆ ಯಾರಿಗೂ ನೆಪ ಇರುವುದಿಲ್ಲ. ಅದನ್ನು ನೆನೆದು ಅವರಿಗೆ ಹೆದರಿಕೆಯಾಯಿತು. ಹೆದರಿದ್ದಕ್ಕೇ ಸಿಟ್ಟೂ ಬಂತು.

ಮೈದುನನ ಮನೆಯಲ್ಲಿ ಇನ್ನೊಬ್ಬರಿದ್ದರು, ಅವರ ವಾರಗಿತ್ತಿ, ಅಂದರೆ ಫೋನು ಮಾಡಿದವನ ತಾಯಿ. ಇಬ್ಬರೂ ಸೊಸೆಯರಾಗಿ ಬಂದ ಕಾಲದಿಂದ ಹಾವು ಮುಂಗುಸಿ. ದೊಡ್ಡಮ್ಮನ ಐಸ್‌ಕ್ರೀಂ ಬಟ್ಟಲಿಗೆ ಬಿದ್ದ ಕೂಡಲೆ ವಾರಗಿತ್ತಿಯ ಮೂಗು ತಾನಾಗಿ ಮುರಿಯುತ್ತಿತ್ತು. "ಸಕ್ಕರೆ ಒಂಚೂರು ಮುಂದಾಯ್ತು ಅಕ್ಕಾ." ಮುಂದಿನ ಸಲ "ಯಾಕೋ ಗಟ್ಟಿ ಸಾಲದು." ಅದರ ಮುಂದಿನ ಸಲ "ಹಾಲು ತಳ ಹಿಡಿದಿತ್ತಾ?" ದೊಡ್ಡಮ್ಮ ಬಿಡುತ್ತಿದ್ದರೇ? "ಹಂಗಿದ್ರೆ ಎರಡನೇ ಬಟ್ಲು ಯಾಕೆ ಚಾಚಿದೆ?" ಎಂದು ಎಲ್ಲರ ಮುಂದೆ ಕೇಳುತ್ತಿದ್ದರು. ಆ ಜಗಳ ನೋಡಲೆಂದೇ ಸಾಲಿನಲ್ಲಿ ಹತ್ತಿರ ನಿಲ್ಲುವವರಿದ್ದರು.

ಭಾನುವಾರ ಬೆಳಗ್ಗೆ ತಿರುಗಿಸಲು ಕೆಳಮನೆಯ ಡ್ರೈವರ್ ಬಂದ. ಒಳ್ಳೆಯವನು, ತೋಳಿನಲ್ಲಿ ಶಕ್ತಿಯಿತ್ತು, ಬಾಯಲ್ಲಿ ಹಾಡಿತ್ತು. ಲಾರಿ ಓಡಿಸಿದ ಹಾಗೆ ತಿರುಗಿಸಿದ. "ಬ್ರೇಕ್ ಎಲ್ಲಿದೆಯಮ್ಮಾ ಇದಕ್ಕೆ?" ಎಂದು ಕೇಳಿ ತಾನೇ ನಕ್ಕ. ದೊಡ್ಡಮ್ಮನೂ ಒಂಚೂರು ನಕ್ಕರು. ಮನೆಯಲ್ಲಿ ಗಂಡಸಿನ ದನಿ ಕೇಳಿ ಎಷ್ಟು ದಿನವಾಗಿತ್ತು!

ಆದರೆ ಆ ಯಂತ್ರಕ್ಕೆ ಇನ್ನೊಂದು ಕೆಲಸವಿತ್ತು. ಐಸು ಕರಗಿದ ಹಾಗೆ ಉಪ್ಪುನೀರು ತೊಟ್ಟಿಯಲ್ಲಿ ಏರುತ್ತದೆ. ತೊಟ್ಟಿಯ ಪಕ್ಕದಲ್ಲೊಂದು ತೂತು, ಅದಕ್ಕೊಂದು ಬಿರಡೆ. ಆಗಾಗ ಬಿರಡೆ ಕಿತ್ತು ನೀರು ಬಸಿಯಬೇಕು. ಡಬ್ಬಿ ತೆರೆಯುವ ಮೊದಲು ಮುಚ್ಚಳವನ್ನು ಒಣಬಟ್ಟೆಯಿಂದ ಒರೆಸಬೇಕು. ಇಷ್ಟನ್ನೂ ದೊಡ್ಡಪ್ಪ ಹೆಗಲ ಟವೆಲ್ಲಿನಲ್ಲಿ ಮಾಡಿ ಮುಗಿಸುತ್ತಿದ್ದರು, ಅದೂ ದೊಡ್ಡಮ್ಮ ಒಳಗೆ ಪಾತ್ರೆ ಜೋಡಿಸುತ್ತಿದ್ದಾಗ. ಮಾಡುತ್ತಿದ್ದೇನೆ ಎಂದು ಒಂದು ದಿನ ಹೇಳಿದವರಲ್ಲ. ಹಾಗಾಗಿ ಅಂಥದ್ದೊಂದು ಕೆಲಸ ಇದೆಯೆಂಬುದೇ ದೊಡ್ಡಮ್ಮನಿಗೆ ಗೊತ್ತಿರಲಿಲ್ಲ. ಡ್ರೈವರನಿಗೆ ತಿರುಗಿಸು ಎಂದಿದ್ದರು, ಅವನು ತಿರುಗಿಸಿದ. ಮೂರು ಸಲ ತುಂಬಿ ಮೂರು ಸಲ ತೆಗೆದರು. ಮೂರು ಸಲವೂ ಮುಚ್ಚಳದ ಅಂಚಿನಿಂದ ಉಪ್ಪುನೀರು ಸದ್ದಿಲ್ಲದೆ ಒಳಗಿಳಿಯಿತು. ಐಸ್‌ಕ್ರೀಂ ತುಸು ಮೆತ್ತಗಿದೆ ಎನ್ನಿಸಿದಾಗ ದೊಡ್ಡಮ್ಮ ಸೆಕೆಯನ್ನು ಬೈದರು.

ರುಚಿ ನೋಡು ಎಂದು ಡ್ರೈವರನಿಗೆ ಹೇಳಬಹುದಿತ್ತು. ದೊಡ್ಡಪ್ಪ ರುಚಿ ನೋಡುತ್ತಿದ್ದ ಚಮಚವನ್ನು ಕೈಗೆ ತೆಗೆದುಕೊಂಡದ್ದೂ ಹೌದು. ಆಮೇಲೆ ಯಾಕೋ ಮನಸ್ಸು ಒಪ್ಪಲಿಲ್ಲ. ಆ ಚಮಚ ಇನ್ನೊಬ್ಬರ ಬಾಯಿಗೆ ಹೋಗುವುದು ಅವರಿಗೆ ಬೇಡವಾಗಿತ್ತು. ತೊಳೆದು ಸ್ಟ್ಯಾಂಡಿನಲ್ಲಿಟ್ಟು, ಇರುವ ಸೀರೆಯಲ್ಲಿ ಒಳ್ಳೆಯದನ್ನು ಉಟ್ಟು ಹೊರಟರು.

ಹಾಲ್‌ನಲ್ಲಿ ಅವರ ಮೇಜು ಕಿಟಕಿಯ ಹತ್ತಿರ. ಎರಡು ದೊಡ್ಡ ಪಾತ್ರೆ, ಸುತ್ತ ಐಸು, ಕೈಯಲ್ಲಿ ಸೌಟು. ಊಟ ಮುಗಿಸಿದವರು ಸಾಲಾಗಿ ಬಂದರು. "ದೊಡ್ಡಮ್ಮನ ಐಸ್‌ಕ್ರೀಂ ತಿಂದು ಎಷ್ಟು ದಿನ ಆಗಿತ್ತು!" ಎಂದು ಬಟ್ಟಲು ಒಡ್ಡಿದರು. ಮೊದಲು ತಿಂದವರು ದೂರದಿಂದಲೇ ಕೈಯೆತ್ತಿ "ಸೂಪರ್" ಎಂದರು. "ಕೈ ಒಂಚೂರೂ ತಪ್ಪಿಲ್ಲ ದೊಡ್ಡತ್ತೆ," ಎಂದಳು ಫೋನು ಮಾಡಿದ್ದ ಹುಡುಗನ ಹೆಂಡತಿ. ಒಂದು ಮಗು ಮುಖ ಕಿವಿಚಿದಾಗ ಅದರ ತಾಯಿ ಸರಕ್ಕನೆ ಎತ್ತಿಕೊಂಡು ಆಚೆ ಹೋದಳು. ಮಗುವಿಗೆ ನಿದ್ದೆ ಎಂದುಕೊಂಡರು ದೊಡ್ಡಮ್ಮ. ಅವರಿಗೆ ಆ ಹೊತ್ತು ಸುಖವಾಗಿತ್ತು, ಸುಳ್ಳು ಹೇಳುವುದೇಕೆ. ವರ್ಷದ ಮೇಲೆ ಇಷ್ಟು ಜನ ಅವರ ಮುಖ ನೋಡಿ ಮಾತಾಡುತ್ತಿದ್ದರು. ಬಡಿಸುತ್ತಾ ಒಬ್ಬೊಬ್ಬರಿಗೂ ಒಂದೊಂದು ಮಾತು ಕುಟುಕಿದರು: ಒಬ್ಬನ ಹೊಟ್ಟೆಗೆ, ಒಬ್ಬಳ ಹೊಸ ಕನ್ನಡಕಕ್ಕೆ. ಎಲ್ಲರೂ ನಕ್ಕರು. ನಕ್ಕು ನೀರಿನ ಕಡೆ ನಡೆದರು. ಅಡುಗೆಯವನು "ಇವತ್ತೇನು ಎಲ್ಲರಿಗೂ ಹೀಗೆ ಬಾಯಾರಿಕೆ?" ಎಂದು ಗೊಣಗುತ್ತಾ ಇನ್ನೊಂದು ಕ್ಯಾನು ತಂದಿಟ್ಟ. ಎರಡನೇ ಸಲಕ್ಕೆ ಮಾತ್ರ ಯಾರೂ ಬರಲಿಲ್ಲ.

ಆಮೇಲೆ ವಾರಗಿತ್ತಿ ಬಂದರು. ದೊಡ್ಡಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಸಿದ್ಧರಾದರು. ವಾರಗಿತ್ತಿ ಒಂದು ಚಮಚ ಬಾಯಿಗಿಟ್ಟರು. ದೊಡ್ಡಮ್ಮನ ಮುಖ ನೋಡಿದರು, ಅವರ ಪಕ್ಕದಲ್ಲಿ ದೊಡ್ಡಪ್ಪ ನಿಲ್ಲುತ್ತಿದ್ದ ಜಾಗ ನೋಡಿದರು.

"ಹೇಳು, ಏನು ಕಡಿಮೆ ಈ ಸಲ?"

"ಏನೂ ಇಲ್ಲ ಅಕ್ಕಾ. ತುಂಬ ಚೆನ್ನಾಗಿದೆ."

ನೂರು ಜನ ಹೊಗಳಿದಾಗ ಬರದ ಅನುಮಾನ ದೊಡ್ಡಮ್ಮನಿಗೆ ಈ ಒಂದು ಮಾತಿಗೆ ಬಂತು. ಸೌಟಿನ ಅಂಚಿಗೆ ಬೆರಳು ತಾಗಿಸಿ, ಎಷ್ಟೋ ವರ್ಷದ ಪಥ್ಯ ಮುರಿದು, ನಾಲಿಗೆಗಿಟ್ಟುಕೊಂಡರು. ಸಿಹಿ ಆಮೇಲೆ ಬಂತು. ಮೊದಲು ಬಂದದ್ದು ಉಪ್ಪು.

ಬಟ್ಟೆ ಅಂಗಡಿಯ ದನಿಯಲ್ಲಿ ಕೂಗಿದರು: "ಎಲ್ಲಾರೂ ಬಟ್ಲು ಕೆಳಗಿಡಿ. ಉಪ್ಪಾಗಿದೆ. ಯಾರೂ ತಿನ್ಬೇಡಿ."

ಎಲ್ಲರೂ ಒಟ್ಟಿಗೆ ಶುರುಮಾಡಿದರು.

"ಎಲ್ಲಿ ಉಪ್ಪು? ನಮಗೇನೂ ಗೊತ್ತಾಗ್ಲಿಲ್ಲಪ್ಪ."

"ನಿಮ್ಮ ನಾಲಿಗೆಗೆ ಅಭ್ಯಾಸ ಇಲ್ವಲ್ಲ, ಹಂಗನ್ಸತ್ತೆ ದೊಡ್ಡಮ್ಮ."

"ಇದ್ರೂ ಏನೀಗ? ದೊಡ್ಡ ದೊಡ್ಡ ಹೋಟ್ಲಲ್ಲಿ ಬೇಕಂತಲೇ ಹೀಗೆ ಮಾಡ್ತಾರೆ," ಎಂದ ಹೊಟ್ಟೆಯವನು.

"ಸುಳ್ಳು ಬೊಗಳ್ಬೇಡಿ!" ಎಂದರು ದೊಡ್ಡಮ್ಮ. ಯಾರೂ ಬೇಸರಿಸಿಕೊಳ್ಳಲಿಲ್ಲ. ಹುಡುಗನ ಹೆಂಡತಿ ಬಂದು ಅವರ ಕೈಯಿಂದ ಸೌಟನ್ನು ಮೆಲ್ಲಗೆ ಬಿಡಿಸಿಕೊಂಡಳು, ಜ್ವರ ಬಂದ ಮಗುವಿನ ಕೈಯಿಂದ ಆಟಿಕೆ ತೆಗೆದುಕೊಳ್ಳುವ ಹಾಗೆ. "ನಿಮಗೆ ಸುಸ್ತಾಗಿದೆ ದೊಡ್ಡತ್ತೆ. ಬೆಳಗ್ಗೆಯಿಂದ ನಿಂತಿದ್ದೀರಿ." ಬೈದಿದ್ದರೆ ದೊಡ್ಡಮ್ಮನ ಹತ್ತಿರ ಉತ್ತರವಿತ್ತು. ಡ್ರೈವರನ ಮೇಲೆ ಹಾಕಬಹುದಿತ್ತು, ಸೆಕೆಯ ಮೇಲೆ ಹಾಕಬಹುದಿತ್ತು, ತಪ್ಪು ನನ್ನದೇ ಏನೀಗ ಎಂದು ಎದೆ ಸೆಟೆಸಬಹುದಿತ್ತು. ಇಷ್ಟು ಮೆತ್ತಗಿನ ಮಾತಿಗೆ ಏನು ಹೇಳಬೇಕೆಂದು ಅವರು ಕಲಿತಿರಲಿಲ್ಲ.

ಅವರು ವಾರಗಿತ್ತಿಯ ಕಡೆ ತಿರುಗಿದರು.

"ನೀನಾದ್ರೂ ಹೇಳೇ. ಬಾಯಿಗೆ ಇಡೋಕಾಗಲ್ಲ ಅನ್ನು. ಇಷ್ಟು ವರ್ಷ ಅಂದಿಲ್ವಾ?"

ವಾರಗಿತ್ತಿ ತಲೆಯೆತ್ತಲಿಲ್ಲ. ಬಟ್ಟಲಿನಲ್ಲಿ ಕರಗಿಹೋಗಿದ್ದುದನ್ನು ಚಮಚದಿಂದ ಬಳಿದು ಬಾಯಿಗೆ ಹಾಕಿಕೊಂಡರು, ಕಷ್ಟಪಟ್ಟು ನುಂಗಿದರು.

"ಚೆನ್ನಾಗಿದೆ ಅಕ್ಕಾ," ಎಂದರು. "ಬನ್ನಿ, ಒಂದ್ನಿಮಿಷ ಕೂತ್ಕೊಳ್ಳಿ."

ದೊಡ್ಡಮ್ಮ ಅವರ ಹಿಂದೆ ಹೋಗಿ ಕೂತರು. ಗಂಡ ಹೋದ ದಿನವೂ ಅವರಿಗೆ ಇಷ್ಟು ಒಂಟಿಯೆನಿಸಿರಲಿಲ್ಲ. ಅವತ್ತು, ಜಗಳಕ್ಕೆ ಇವಳೊಬ್ಬಳಿದ್ದಾಳೆ ಎಂಬ ಧೈರ್ಯವಿತ್ತು.