ಸೋಮವಾರ ಹೂಡದ ಕಂಪ್ಯೂಟರ್

ಸಗರದಲ್ಲಿ ನಮ್ಮ ಮನೆಗೂ ಹಣಮಂತ್ರಾಯ ಕಾಕಾನ ಮನೆಗೂ ನಡುವೆ ಒಂದೇ ಗೋಡೆ. ನಾನು ಚಿಕ್ಕವಳಿದ್ದಾಗ ಆ ಗೋಡೆಯ ಆಚೆ ಎರಡು ಎತ್ತುಗಳು ಮೆಲುಕು ಹಾಕುವ ಸದ್ದು ಕೇಳುತ್ತಾ ನಿದ್ದೆ ಹೋಗುತ್ತಿದ್ದೆ. ಕೆಂಚ, ಮಾಳಿಂಗ ಅಂತ ಅವುಗಳ ಹೆಸರು. ತಲೆಬಾಗಿಲು ದಾಟಿದ ಕೂಡಲೇ ಎಡಕ್ಕೆ ಅವುಗಳ ಗ್ವಾದಲಿ, ಅಂದರೆ ಮೇವು ಹಾಕುವ ಕಲ್ಲಿನ ಕಟ್ಟೆ. ಬಲಕ್ಕೆ ಮನುಷ್ಯರು ಕೂಡುವ ಪಡಸಾಲೆ. ತೊಗರಿಯ ಹೊಟ್ಟಿನ ವಾಸನೆಯೂ ಒಲೆಯ ಹೊಗೆಯೂ ಆ ಮನೆಯಲ್ಲಿ ಬೇರೆ ಬೇರೆ ಇರಲಿಲ್ಲ.

ಕಾಕಾ ನಾಲ್ಕನೇ ಇಯತ್ತೆಯವರೆಗೆ ಓದಿದವನು. ಆರು ಎಕರೆ ಹೊಲ, ಮಾತು ಕಡಿಮೆ. ಕಾರಹುಣ್ಣಿಮೆ ಹತ್ತಿರ ಬಂದರೆ ಎತ್ತುಗಳನ್ನು ಅಂಗಳಕ್ಕೆ ತಂದು ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದ. ಮೊದಲು ಹಲ್ಲು, ಆಮೇಲೆ ಕಣ್ಣು, ಹೆಗಲಿನ ಚರ್ಮ, ನಾಲ್ಕೂ ಗೊರಸು. ಒಂದಾದ ಮೇಲೆ ಒಂದು, ಅದೇ ಕ್ರಮದಲ್ಲಿ. ನೋಡಲು ಚೆನ್ನಾಗಿವೆಯಲ್ಲ ಎಂದು ನಾನು ಕೇಳಿದರೆ, ನೋಡಿದ್ದನ್ನು ನಂಬಬಾರದು, ಮುಟ್ಟಿ ತಿಳಿಯಬೇಕು ಎನ್ನುತ್ತಿದ್ದ.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಹೊಲದಲ್ಲಿ ಎಂಥ ಹದವಿದ್ದರೂ, ಪಕ್ಕದವನ ಬಿತ್ತನೆ ಮುಗಿದು ತನ್ನದು ಉಳಿದಿದ್ದರೂ, ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಕಾಕಾ ಅಂದು ಅವುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹಿಂಡಿ ತಿನ್ನಿಸಿ, ತಾನೂ ಒಂದೊತ್ತು ಉಪವಾಸ ಇರುತ್ತಿದ್ದ. ಸೋಮವಾರದ ಮಧ್ಯಾಹ್ನ ಊರೇ ಒಂದು ತೂಕಡಿಕೆಯಲ್ಲಿ ಇದ್ದಂತೆ ಅನಿಸುತ್ತಿತ್ತು. ಅಂಥ ಮಧ್ಯಾಹ್ನಗಳು ಈಗ ಇಲ್ಲ. ಬಾಡಿಗೆ ಟ್ರ್ಯಾಕ್ಟರಿಗೆ ವಾರ ಯಾವುದು?

ಕೆಂಚ ಹಾವು ಕಡಿದು ಹೋಯಿತು. ಜೋಡಿ ಕಳೆದುಕೊಂಡ ಮಾಳಿಂಗ ಮೇವು ಬಿಟ್ಟು, ಮೂರೇ ತಿಂಗಳಲ್ಲಿ ಅದೂ ಹೋಯಿತು. ಕಾಕಾ ಮತ್ತೆ ಜೋಡಿ ಕಟ್ಟಲಿಲ್ಲ. ಎರಡು ವರ್ಷ ಗ್ವಾದಲಿ ಬರಿದೇ ಇತ್ತು. ಮಗಳು ನಾಗಲಕ್ಷ್ಮಿ ಪಿಯುಸಿ ವಿಜ್ಞಾನಕ್ಕೆ ಸೇರಿದ ವರ್ಷ, ಶಹಾಪುರದ ಫಿರೋಜ್ ಅಂಗಡಿಯಿಂದ ಒಂದು ಹಳೆಯ ಕಂಪ್ಯೂಟರ್ ಬಂತು. ಇಡಲು ಮನೆಯಲ್ಲಿ ಬೇರೆ ಜಾಗವಿರಲಿಲ್ಲ. ಗ್ವಾದಲಿಯ ಮೇಲೆ ಹಲಗೆ ಹಾಸಿ ಅಲ್ಲೇ ಇಟ್ಟರು. ಅದನ್ನು ಜೋಡಿಸಿದವನು ಫಿರೋಜ್. ಇದರೊಳಗಿನ ತಂತ್ರಾಂಶಗಳು ಕಾಲಕಾಲಕ್ಕೆ ಹೊಸದಾಗಬೇಕು, ಆದರೆ ನೀವು ಚಿಂತೆ ಮಾಡಬೇಡಿ, ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುವಂತೆ ಇಟ್ಟಿದ್ದೇನೆ, ಆ ಹೊತ್ತಿಗೆ ಯಂತ್ರ ಚಾಲೂ ಇದ್ದು ಫೋನಿನ ನೆಟ್ ಕೊಟ್ಟಿದ್ದರೆ ಸಾಕು ಎಂದು ಹೇಳಿ ಹೋದ. ಯಾವ ವಾರ, ಎಷ್ಟು ಹೊತ್ತಿಗೆ ಎಂದು ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಮೊದಲ ಸೋಮವಾರವೇ ಕಾಕಾ ಕಂಪ್ಯೂಟರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ಮೇಲೆ ಟವೆಲ್ ಹೊದಿಸಿದ. ನಾಗಲಕ್ಷ್ಮಿ ನಕ್ಕಳು. ಅವನು ನಗಲಿಲ್ಲ.

"ಇದೂ ನಮ್ಮನ್ಯಾಗ ದುಡೀತದ. ಇದಕ್ಕೂ ಒಂದ್ ದಿನ ಇರ್ಲಿ," ಅಂದ.

ಅಂದಿನಿಂದ ಆ ಮನೆಯಲ್ಲಿ ಸೋಮವಾರ ಕಂಪ್ಯೂಟರ್ ಹಚ್ಚಲಿಲ್ಲ. ಮಗಳಿಗೂ ಅದು ರೂಢಿಯಾಯಿತು. ನನಗಂತೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಾನೂ ಸೋಮವಾರ ಹಿಡಿಯುವವಳೇ.

ಹೀಗೆ ಮೂರು ವರ್ಷ ನಡೆಯಿತು. ಪಿಯುಸಿ ಮುಗಿಸಿದ ನಾಗಲಕ್ಷ್ಮಿ ಒಂದು ವರ್ಷ ಮನೆಯಲ್ಲೇ ಕೂತಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಕಲಿಯಬೇಕೆಂಬುದು ಅವಳ ಹಟ. ಅತ್ತ ಬಳಿಚಕ್ರದಲ್ಲಿ ಅವಳ ಸೋದರಮಾವ ತನ್ನ ಮಗನಿಗೆ ಹುಡುಗಿ ಕೇಳುತ್ತಿದ್ದ. ಈ ಸಲ ತರಬೇತಿಗೆ ಸೀಟು ಸಿಗದಿದ್ದರೆ ದೀಪಾವಳಿ ಮುಗಿದ ಮೇಲೆ ಮದುವೆ ಎಂದು ಕಾಕಾ ಮಾತು ಕೊಟ್ಟಿದ್ದ. ಕಾಕಾನ ಮಾತು ಒಮ್ಮೆ ಹೊರಗೆ ಬಿದ್ದರೆ ತಿರುಗಿ ಬರುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅದು ರೋಗದ ಎರಡನೇ ಅಲೆಯ ವರ್ಷ. ಎಲ್ಲ ಬಂದ್. ತರಬೇತಿ ಸಂಸ್ಥೆಯವರು ಪ್ರವೇಶ ಪರೀಕ್ಷೆಯನ್ನು ಮನೆಯಿಂದಲೇ ಕಂಪ್ಯೂಟರಿನಲ್ಲಿ ಬರೆಯಬೇಕೆಂದು ತಿಳಿಸಿದರು. ಮಂಗಳವಾರ ಮುಂಜಾನೆ ಹತ್ತಕ್ಕೆ ಪರೀಕ್ಷೆ. ಅದರ ಹಿಂದಿನ ದಿನ, ಸೋಮವಾರ ಮುಂಜಾನೆ, ನಾಗಲಕ್ಷ್ಮಿಯ ಫೋನಿಗೆ ಇನ್ನೊಂದು ಸಂದೇಶ ಬಂತು. ಪರೀಕ್ಷೆ ಬರೆಯುವ ಕಂಪ್ಯೂಟರಿನ ತಂತ್ರಾಂಶಗಳೆಲ್ಲ ಹೊಸವಿವೆಯೇ ಎಂದು ಇವತ್ತು ಸಂಜೆ ಆರರೊಳಗೆ ಪರೀಕ್ಷಿಸಿ ತೋರಿಸಬೇಕು. ಅದರಲ್ಲಿ ಪಾಸಾದ ಕಂಪ್ಯೂಟರಿಗೆ ಮಾತ್ರ ಪರೀಕ್ಷೆಯ ಗುಪ್ತಸಂಖ್ಯೆ ಬರುತ್ತದೆ.

ಅವಳು ಅಪ್ಪನ ಮುಂದೆ ನಿಂತಳು. ಕಾಕಾ ನಾಳೆ ನಸುಕಿನಲ್ಲೇ ಹಚ್ಚು ಅಂದ. ಇವತ್ತು ಆರರೊಳಗೆ ಅಂದಾರ ಎಂದಳು. ಅವನು ಟವೆಲ್ ಹೊದ್ದ ಕಂಪ್ಯೂಟರಿನ ಕಡೆಗೊಮ್ಮೆ ನೋಡಿ, ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತ. ನಾಗಲಕ್ಷ್ಮಿ ಅಳಲಿಲ್ಲ. ನಮ್ಮ ಮನೆಗೆ ಬಂದು ನಡೆದದ್ದನ್ನು ಹೇಳಿ ನನ್ನ ಪಕ್ಕ ಕೂತಳು. ಅವಳನ್ನು ಕರೆದುಕೊಂಡು ನಾನು ತಿರುಗಿ ಅಲ್ಲಿಗೆ ಹೋದಾಗ ಹೊತ್ತು ಹನ್ನೊಂದು ದಾಟಿತ್ತು.

ಅಯ್ಯಮ್ಮ ಕಾಕಿ ಜೋಳ ಹಸನು ಮಾಡುತ್ತಿದ್ದಳು. ಮೊರ ಬೀಸುವುದನ್ನು ನಿಲ್ಲಿಸದೆಯೇ ಗಂಡನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅಂದಳು:

"ಇಕಿ ಹುಟ್ಟಿದ್ದು ಯಾವ ವಾರ, ನೆನಪದ ಏನ್ರಿ?"

ಕಾಕಾ ತಿರುಗಿ ನೋಡಲಿಲ್ಲ.

"ನನಗ ನೆನಪದ. ಬಂಡ್ಯಾಗ ಮಲಗಿದಾಕಿ ನಾನು."

ನಾನು ಆಗ ಹತ್ತು ವರ್ಷದವಳು, ನನಗೂ ನೆನಪಿತ್ತು. ಶ್ರಾವಣದ ಸೋಮವಾರ, ಬಿಡದ ಜಿಟಿಜಿಟಿ ಮಳೆ. ಕಾಕಿಗೆ ಬೇನೆ ಎದ್ದು ರಾತ್ರಿಯೇ ಕಳೆದಿತ್ತು, ಸೂಲಗಿತ್ತಿ ಕೈ ಚೆಲ್ಲಿದ್ದಳು. ಊರಿಗಿದ್ದ ಒಂದೇ ಜೀಪು ಸುರಪುರಕ್ಕೆ ಹೋಗಿತ್ತು. ಕಾಕಾನ ಅಪ್ಪ ರಾಮಲಿಂಗಜ್ಜ ಬಾಗಿಲಲ್ಲಿ ಕೂತು, ಇವತ್ತು ನೊಗ ಇಡಬ್ಯಾಡ, ಕಾಯೋಣ ಎನ್ನುತ್ತಿದ್ದ. ಕಾಕಾ ಅಪ್ಪನಿಗೆ ಎದುರು ಮಾತಾಡಲಿಲ್ಲ. ಗ್ವಾದಲಿಗೆ ಹೋಗಿ ಎರಡೂ ಎತ್ತುಗಳ ಕಾಲು ಮುಟ್ಟಿ, ಕಿವಿಯಲ್ಲಿ ಏನೋ ಹೇಳಿ, ಹೂಡಿದ. ಬಂಡಿ ಶಹಾಪುರದ ದಾರಿ ಹಿಡಿದು ಮಳೆಯಲ್ಲಿ ಮರೆಯಾಗುವವರೆಗೆ ನಾವು ಮಕ್ಕಳೆಲ್ಲ ಊರಬಾಗಿಲಾದ ಅಗಸಿಯಲ್ಲಿ ನಿಂತು ನೋಡಿದೆವು. ಕೊರಳ ಗೆಜ್ಜೆಯ ಸದ್ದು ಬಂಡಿ ಕಾಣದಾದ ಮೇಲೂ ಸ್ವಲ್ಪ ಹೊತ್ತು ಕೇಳುತ್ತಿತ್ತು.

ಕಾಕಾ ಕಟ್ಟೆಯಿಂದ ಎದ್ದ. ಬಚ್ಚಲಿಗೆ ಹೋಗಿ ಕಾಲು ತೊಳೆದು ಬಂದ. ಟವೆಲ್ ತೆಗೆದು ಮಡಚಿಟ್ಟು, ಯಂತ್ರದ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. "ಹಚ್ಚವ್ವ," ಅಂದ.

ಸಂಸ್ಥೆಯವರ ಪುಟದಲ್ಲಿ ಐದು ಸಾಲು ಮೂಡಿದವು. ಮೂಲ ವ್ಯವಸ್ಥೆ, ಅಂತರ್ಜಾಲ ನೋಡುವ ತಂತ್ರಾಂಶ, ಕ್ಯಾಮೆರಾ ನಡೆಸುವ ತಂತ್ರಾಂಶ, ಧ್ವನಿಯದು, ವೈರಸ್ ತಡೆಯುವುದು. ಐದರ ಮುಂದೆಯೂ ಕೆಂಪು. ಎಲ್ಲವೂ ಮೂರು ವರ್ಷ ಹಳೆಯವು ಎಂದು ನಾಗಲಕ್ಷ್ಮಿ ಓದಿ ಹೇಳಿದಾಗ ಅವಳ ದನಿ ಸಣ್ಣದಾಗಿತ್ತು. ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುತ್ತದೆ ಅಂದಿದ್ದನಲ್ಲ ಎಂದು ಕಾಕಾ ತನ್ನ ಗುಂಡಿಯ ಫೋನಿನಿಂದ ಫಿರೋಜನಿಗೆ ಹಚ್ಚಿದ. ಆ ಫೋನಿನ ದನಿ ದೊಡ್ಡದು, ನಮಗೆಲ್ಲ ಕೇಳಿಸಿತು.

"ಸೋಮವಾರ ಮುಂಜಾನಿ ಹತ್ತಕ್ಕ ಇಟ್ಟೀನಲ್ರಿ ಕಾಕಾ. ವಾರಾ ವಾರಾ ಆಗಿರಬೇಕಲ್ಲ?"

"ಸೋಮವಾರ?"

"ಹೌದ್ರಿ. ಎತ್ತು ಹೋದ್ರೂ ನೀವು ಸೋಮವಾರ ಹಿಡಿಯೋದು ಬಿಟ್ಟಿಲ್ಲ, ಮನ್ಯಾಗ ಇರ್ತೀರಿ, ಮಷಿನ್ ಚಾಲೂ ಇರ್ತದ ಅಂತ ಬೇಕಂತ್ಲೇ ಅವತ್ತ ಇಟ್ಟಿದ್ದೆ."

ಕಾಕಾ ಮಡಚಿಟ್ಟ ಟವೆಲಿನ ಕಡೆ ನೋಡಿದ. "ಎತ್ತು ಹೂಡದ ದಿನ ಇದನ್ನ ಹೂಡ್ತೀನೇನೋ ಫಿರೋಜ್?" ಅಂದ.

ಫಿರೋಜ್, ತಪ್ಪು ನನ್ನದೇ, ಅಂಗಡಿ ತೆರೆಯಲು ಪೊಲೀಸರು ಬಿಡುತ್ತಿಲ್ಲ, ಬರಲೂ ಆಗದು, ಫೋನ್ ಇಡಬೇಡಿ, ಒಂದೊಂದಾಗಿ ಹೇಳುತ್ತೇನೆ ಅಂದ. ಕಾಕಿ ಜೋಳದ ಕಡೆ ನೋಡುತ್ತಾ ನಕ್ಕಳು. ಇಬ್ಬರೂ ಒಳ್ಳೆಯವರೇ, ಇಬ್ಬರೂ ಸೇರಿ ನನ್ನ ಮಗಳ ಹೊಟ್ಟೆ ಉರಿಸಿದರು ಅಂದಳು.

ಮುಂದಿನ ಆರು ತಾಸು ನಾನು ಅಲ್ಲೇ ಇದ್ದೆ. ಫಿರೋಜ್ ಹೇಳಿದ್ದನ್ನು ಕಾಕಾ ಕೇಳಿ, ಅರ್ಥವಾಗದ ಶಬ್ದವನ್ನೂ ಬಿಡದೆ, ಮಗಳಿಗೆ ದಾಟಿಸುತ್ತಿದ್ದ. ಅವಳು ಪರದೆಯ ಮೇಲಿನ ಅಂಕಿ ಓದಿದರೆ ಅದನ್ನು ಫಿರೋಜನಿಗೆ ತಿರುಗಿ ಹೇಳುತ್ತಿದ್ದ. ಒಂದು ಮುಗಿಯದೆ ಇನ್ನೊಂದಕ್ಕೆ ಹೋಗಲು ಬಿಡಲಿಲ್ಲ. ಕ್ಯಾಮೆರಾದ್ದು ಆಯಿತೆಂದು ಅವಳು ಹೇಳಿದರೆ, ಆಯಿತು ಅನ್ನಬೇಡ, ತೆರೆದು ನೋಡು ಅಂದ. ತೆರೆದರೆ ನಿಜಕ್ಕೂ ಕತ್ತಲೆ. ಮತ್ತೆ ಮೊದಲಿನಿಂದ ಮಾಡಿದರು. ಎರಡನೆಯ ಸಲ ಪರದೆಯ ಮೇಲೆ ನಾವು ನಾಲ್ವರೂ ಕಂಡೆವು, ಹಿಂದೆ ಗೋಡೆಗೆ ತೂಗುಹಾಕಿದ ಹಳೆಯ ಬಾರುಕೋಲೂ ಕಂಡಿತು.

ಮೂರು ಗಂಟೆಗೆ ನಾಗಲಕ್ಷ್ಮಿಯ ಫೋನಿನ ನೆಟ್ ಮುಗಿಯಿತು. ನನ್ನ ಫೋನ್ ತಂದು ಹಲಗೆಯ ಮೇಲಿಟ್ಟೆ. ನಾಲ್ಕು ಸಾಲು ಹಸಿರಾದಾಗ ನಾಲ್ಕೂವರೆ. ಉಳಿದದ್ದು ಮೂಲ ವ್ಯವಸ್ಥೆ, ಎಲ್ಲಕ್ಕಿಂತ ದೊಡ್ಡದು. ಅದು ಇಳಿದು ಮುಗಿದು, ಯಂತ್ರ ತಾನೇ ಆರಿ ಮತ್ತೆ ಹತ್ತಿಕೊಂಡಿತು. ಕಪ್ಪು ಪರದೆಯ ಮೇಲೆ ಶೇಕಡಾ ಲೆಕ್ಕ ಮಾತ್ರ. ಮೂವತ್ತರಲ್ಲಿ ಎಷ್ಟೋ ಹೊತ್ತು ನಿಂತಿತು. ಏನೂ ಮುಟ್ಟಬೇಡಿ, ಕರೆಂಟು ಹೋಗದಿರಲಿ ಎಂದಷ್ಟೇ ಫಿರೋಜ್ ಹೇಳಿದ. ನಾನು ಮನಸ್ಸಿನಲ್ಲೇ ನೂರೆಂಟು ಸಲ ಶಿವನಾಮ ಎಣಿಸತೊಡಗಿದೆ. ಕಾಕಾ ಪೆಟ್ಟಿಗೆಯ ಬಿಸಿ ಮೈಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ.

ಆರಕ್ಕೆ ಹದಿನೆಂಟು ನಿಮಿಷವಿದ್ದಾಗ ಐದನೆಯ ಸಾಲು ಹಸಿರಾಯಿತು. ಗುಪ್ತಸಂಖ್ಯೆ ಬಂತು. ನಾಗಲಕ್ಷ್ಮಿ ಅದನ್ನು ಕೈಯ ಮೇಲೇ ಬರೆದುಕೊಂಡಳು. ವಾರ ಬದಲಿಸಿಕೊಡು ಎಂದು ಕಾಕಾ ಕೇಳಿದ. ಫಿರೋಜ್ ಶುಕ್ರವಾರ ಬೇಡ, ಏನಾದರೂ ಕೆಟ್ಟರೆ ನಾನು ನಮಾಜಿಗೆ ಹೋಗಿರುತ್ತೇನೆ ಎಂದು ಗುರುವಾರ ಇಡಿಸಿದ.

ಮರುದಿನ ಹತ್ತಕ್ಕೆ ಬಾಗಿಲು ಹಾಕಿಕೊಂಡು ಅವಳು ಒಳಗೆ ಕೂತಳು. ಕಾಕಾ ಹೊಸ್ತಿಲ ಹೊರಗೆ ನಿಂತು, ಹಾಯುವವರನ್ನೆಲ್ಲ ಕೈಸನ್ನೆಯಲ್ಲೇ ಸುಮ್ಮನಾಗಿಸಿದ. ಕೋಳಿ ಓಡಿಸಿದ. ಒಂದೊತ್ತಿಗೆ ಮುಗಿಯಬೇಕಿದ್ದ ಸೋಮವಾರದ ಉಪವಾಸವನ್ನು ಅವನು ಇನ್ನೂ ಬಿಟ್ಟಿರಲಿಲ್ಲ. ಕಾಕಿ ಎರಡು ಸಲ ಊಟಕ್ಕೆ ಕರೆದಳು, ತಡಿ ಎಂದು ಕೈ ತೋರಿಸಿದ.

ಹನ್ನೆರಡೂವರೆಗೆ ಬಾಗಿಲು ತೆರೆಯಿತು. ಹೇಗೆ ಬರೆದೆ ಎಂದು ನಾನು ಕೇಳುವವಳಿದ್ದೆ. ಕಾಕಾ ಮೊದಲೇ ಕೇಳಿದ:

"ಎಲ್ಲ್ಯಾರ ನಿಂತಿತೇನವ್ವ?"

"ಇಲ್ಲಪ್ಪ. ಎಲ್ಲೂ ನಿಲ್ಲಲಿಲ್ಲ."

"ಹಂಗಾದ್ರ ನಿಂದೂ ಆಗ್ತದ," ಅಂದು ಒಳಗೆ ಹೋಗಿ ಅಯ್ಯಮ್ಮ ಕಾಕಿಗೆ ಊಟಕ್ಕೆ ಬಡಿಸಲು ಹೇಳಿದ.

ಇಪ್ಪತ್ತು ದಿನಕ್ಕೆ ಸೀಟಿನ ಪತ್ರ ಬಂತು. ಕಾಕಾ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬಸ್ಸುಗಳಿನ್ನೂ ಸರಿಯಾಗಿ ಓಡದಿದ್ದರೂ, ಸಿಕ್ಕ ಗಾಡಿಯಲ್ಲಿ ಬಳಿಚಕ್ರಕ್ಕೆ, ಅವಳ ಸೋದರಮಾವನ ಮನೆಗೆ ಹೋದ. ಬೇರೆ ಕಡೆ ಹುಡುಗಿ ನೋಡಿಕೊಳ್ಳಿ ಎಂದು ಫೋನಿನಲ್ಲಿ ಹೇಳುವ ಮಾತಲ್ಲ ಅದು, ಎದುರು ಕೂತೇ ಹೇಳಬೇಕು ಅಂದ. ಅಲ್ಲಿ ಊಟ ಮಾಡಿಸಿಯೇ ಕಳಿಸಿದರಂತೆ.