ಮುಚ್ಚದೆ ಬಿಟ್ಟ ವಾಲ್ವ್

ಹೊಸನಗರದ ನರ್ಸರಿಯೊಂದಕ್ಕೆ ನಾನು ಮಾಡಿಕೊಟ್ಟ ಟೋಕನ್ ಪರದೆ ಮೊದಲ ದಿನವೇ ಮಧ್ಯಾಹ್ನಕ್ಕೆ ಕೈಕೊಟ್ಟಿತು. ಒಳಗೆ ಎಪ್ಪತ್ತನೇ ಟೋಕನ್ನಿನವರು ಅಡಿಕೆ ಸಸಿ ಎಣಿಸಿಕೊಳ್ಳುತ್ತಿದ್ದರೆ, ಹೊರಗೆ ಪರದೆ ಐವತ್ತಾರರಲ್ಲೇ ನಿಂತಿತ್ತು. ಮಾಲೀಕರು ಮೈಕ್ ತರಿಸಿ ನಂಬರ್ ಕೂಗಿಸಿದರು. "ನಾಳೆನೂ ಹಿಂಗೇ ಆದ್ರೆ ವಾಪಸ್ ತಗೊಂಡ್ ಹೋಗಿ ಮೇಡಂ" ಅಂದರು. ಬೈದಿದ್ದರೇ ವಾಸಿಯಿತ್ತು. ನಲವತ್ತರ ಹತ್ತಿರದ ವಯಸ್ಸಿನಲ್ಲಿ ವಿಡಿಯೊ ನೋಡಿ ವೆಬ್ ಕೆಲಸ ಕಲಿತ ನನಗೆ ಸ್ವಂತವಾಗಿ ಸಿಕ್ಕ ಮೊದಲ ಕೆಲಸ ಅದು.

ಅರಳಸುರಳಿಯ ಮನೆಗೆ ಬಂದು ನರ್ಸರಿಯ ಇಂಟರ್ನೆಟ್ಟಿಗೆ ಮನಸಾರೆ ಶಾಪ ಹಾಕಿದೆ. ತಪ್ಪು ನನ್ನದಿರಲಾರದು ಎಂಬ ಧಿಮಾಕು. ಪರದೆಯಲ್ಲಿ ಎರಡು ಪುಟ, ಒಂದು ಟೋಕನ್ನಿನದು, ಇನ್ನೊಂದು ಸಸಿಯ ತಳಿಗಳದು, ನಿಮಿಷಕ್ಕೊಮ್ಮೆ ಅದಲುಬದಲಾಗುತ್ತಿದ್ದವು. ಪುಟದ ಇಂಥ ತುಣುಕಿಗೆ ಕಾಂಪೊನೆಂಟ್ ಎನ್ನುತ್ತಾರೆ. ಅದು ಪರದೆಗೆ ಬಂದಾಗ, ಬದಲಾದಾಗ, ಹೋಗುವಾಗ ಏನು ಮಾಡಬೇಕೆಂದು ಬರೆದಿಡುವುದೇ ಲೈಫ್‌ಸೈಕಲ್ ಮೆಥಡ್. ಬಂದ ಕೂಡಲೇ ಟೈಮರ್ ಶುರುವಾಗಿ ಹೊಸ ನಂಬರ್ ತರುತ್ತಿರಬೇಕು ಎಂದು ಬರೆದಿದ್ದೆ. ಹೋಗುವಾಗಿನದನ್ನು ಖಾಲಿ ಬಿಟ್ಟಿದ್ದೆ. ಹೋಗುವ ಪುಟಕ್ಕೆ ಎಂಥ ಕೆಲಸ?

ಸಂಜೆ ಅಮ್ಮ ತೋಟಕ್ಕೆ ಕರೆದಳು. ಮಳೆ ಇನ್ನೂ ಹಿಡಿದಿರಲಿಲ್ಲ. ಒಂದೊಂದೇ ಲೈನಿಗೆ ಸ್ಪ್ರಿಂಕ್ಲರ್ ಬಿಡುವುದು ನನ್ನ ಪಾಲಿನ ಕೆಲಸ. ತಲೆಯೆಲ್ಲ ನರ್ಸರಿಯಲ್ಲಿತ್ತು. ಮೊದಲನೆಯ ವಾಲ್ವ್ ತೆರೆದೆ, ಆಮೇಲೆ ಎರಡನೆಯದು, ಮೂರನೆಯದನ್ನೂ ತೆರೆದೆ. ಅಷ್ಟರಲ್ಲಿ ಎಲ್ಲ ಸ್ಪ್ರಿಂಕ್ಲರುಗಳೂ ತಿರುಗುವುದು ಬಿಟ್ಟು ಜೊಲ್ಲು ಸುರಿಸತೊಡಗಿದವು.

"ಎಂತ ಮಾರಾಯ್ತಿ, ಹಿಂದಿಂದು ಮುಚ್ಚದೆ ಮುಂದಿಂದು ತೆಗ್ದ್ರೆ ನೀರು ಎಲ್ಲಿಂದ ಬರ್ಬೇಕು?" ಅಂದಳು ಅಮ್ಮ.

ವಾಲ್ವ್ ಹಿಡಿದುಕೊಂಡೇ ನಿಂತುಬಿಟ್ಟೆ. ಟೋಕನ್ ಪುಟ ಮರಳಿ ಬಂದಾಗಲೆಲ್ಲ ಹೊಸ ಟೈಮರ್ ಶುರುವಾಗುತ್ತಿತ್ತು, ಹಳೆಯದು ಒಂದೂ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೂರರಷ್ಟು ಟೈಮರು ಒಟ್ಟಿಗೇ ಜಗ್ಗಿದರೆ ಯಾವ ಪರದೆ ತಡೆದೀತು? ಕೆಸರುಗಾಲಲ್ಲೇ ಮನೆಗೆ ಓಡಿದೆ. ಖಾಲಿ ಬಿಟ್ಟಿದ್ದ ಜಾಗದಲ್ಲಿ, ಹೋಗುವ ಮುನ್ನ ಟೈಮರ್ ನಿಲ್ಲಿಸು ಎಂದು ಒಂದೇ ಸಾಲು ಬರೆದೆ.

ಮರುದಿನ ನರ್ಸರಿಯಲ್ಲಿ ಪರದೆಯೆದುರು ಕಾವಲು ಕೂತೆ. ಮಧ್ಯಾಹ್ನ ದಾಟಿತು. ಟೋಕನ್ ನೂರರ ಗಡಿ ದಾಟಿತು. ಸಂಜೆ ನೂರಾ ನಲವತ್ತೆರಡನೆಯ ಟೋಕನ್ ಪಟ್ಟನೆ ಮೂಡಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಎದ್ದು ಕುಣಿಯಲಿಲ್ಲ ಅಷ್ಟೆ. ಮಾಲೀಕರು ಮೈಕಿನ ವೈರು ಸುತ್ತಿ ಒಳಗಿಟ್ಟರು.

ಮನೆಗೆ ಬಂದಾಗ ಅಮ್ಮ ತೋಟದ ಕಡೆಗೇ ನೋಡುತ್ತಿದ್ದಳು.

"ಮುಚ್ಚಿದ್ಯಾ?"

"ಎಲ್ಲಾ ಮುಚ್ಚಿದೆ ಅಮ್ಮ" ಅಂದೆ, ಟೈಮರಿನ ಗುಂಗಿನಲ್ಲೇ.

"ಎಲ್ಲಿ ಮುಚ್ಚಿದೀ? ನಿನ್ನೆ ಓಡಿಹೋದವಳು. ಮೂರೂ ನಾನೇ ಮುಚ್ಚಿದ್ದು."