ಅಕ್ಕನ ಟೋಕನ್

ಮುಂಬಯಿಯ ಜೋಗೇಶ್ವರಿಯ ನಮ್ಮ ಹೋಟೆಲಿನಲ್ಲಿ ಇವತ್ತಿಗೂ ಟೋಕನ್ ಪದ್ಧತಿ. ಗಲ್ಲಾದಲ್ಲಿ ದುಡ್ಡು ಕೊಟ್ಟರೆ ನಾನು ಪಿತ್ತಳೆಯ ಬಿಲ್ಲೆ ಕೊಡುತ್ತೇನೆ; ಅದನ್ನು ಒಳಗಿನ ಕಟ್ಟೆಯ ಮೇಲಿಟ್ಟರೆ ತಿಂಡಿ ಬರುತ್ತದೆ. ದುಂಡಗಿನದು ಮಸಾಲೆ ದೋಸೆಗೆ, ಚೌಕದ್ದು ಇಡ್ಲಿಗೆ, ನಡುವೆ ತೂತಿರುವುದು ಚಹಾಕ್ಕೆ. ಸುತ್ತಮುತ್ತಲಿನ ಸಣ್ಣ ಕಾರ್ಖಾನೆಗಳಲ್ಲಿ ಲೇತ್ ಮೆಷಿನ್ ನಡೆಸುವವರು ಪಗಾರದ ದಿನ ತಿಂಗಳಿಗಾಗುವಷ್ಟು ಟೋಕನ್ ಕೊಂಡು ಕಿಸೆಗೆ ಹಾಕಿಕೊಳ್ಳುತ್ತಾರೆ. ದುಡ್ಡು ಕಿಸೆಯಲ್ಲಿದ್ದರೆ ಎಲ್ಲಿಗೆ ಬೇಕಾದರೂ ಹೋದೀತು, ಟೋಕನ್ ಮಾತ್ರ ಹೊಟ್ಟೆಗೇ ಬರಬೇಕು ಎಂಬುದು ಅವರ ಲೆಕ್ಕ.

ನನ್ನ ಗಂಡನಿಗೆ ಒಂದೇ ಒಂದು ಹಠವಿತ್ತು. ಟೋಕನ್ ಹಿಡಿದು ಬಂದವನನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದು. ರೇಟು ಏರಿರಲಿ, ಬಿಲ್ಲೆ ಸವೆದು ಅಂಚು ಹೋಗಿರಲಿ, ಹಿಟ್ಟು ಮುಗಿದಿರಲಿ, ಏನಾದರೂ ಕೊಟ್ಟೇ ಕಳಿಸಬೇಕು. ಕೊಲ್ಲಿಗೆ ಹೋಗಿ ವರ್ಷಗಟ್ಟಲೆ ದುಡಿದು ಬಂದವನೊಬ್ಬ ಹಳೇ ಪ್ಯಾಂಟಿನ ಕಿಸೆಯಲ್ಲಿ ಸಿಕ್ಕಿತೆಂದು ಒಂದು ಬಿಲ್ಲೆ ತಂದಿಟ್ಟಾಗಲೂ ಅವರು ಮಾತಿಲ್ಲದೆ ದೋಸೆ ಹಾಕಿಸಿದ್ದರು. ಅವರು ಹೋದ ಮೇಲೆ ಗಲ್ಲಾದಲ್ಲಿ ನಾನು ಕೂತೆ. ಕೂತೆ ಎನ್ನುವುದು ಬಾಯಿಮಾತು. ಕೂತಲ್ಲಿ ಕೂರುವ ಜಾತಿ ನನ್ನದಲ್ಲ. ಅಡುಗೆಮನೆಗೆ ಹತ್ತು ಸಲ ಹೋಗದಿದ್ದರೆ ಕಾಲು ಜೋಮು ಹಿಡಿಯುತ್ತದೆ. ಕೆಲಸದವರು, ಗಿರಾಕಿಗಳು, ಹಾಲಿನವ, ಎಲ್ಲರೂ ನನ್ನನ್ನು ಕರೆಯುವುದು ಅಕ್ಕ ಎಂದೇ.

ನಿಜವಾಗಿ ನಾನು ಅಕ್ಕನಾಗಿರುವುದು ಒಬ್ಬನಿಗೆ. ಅಮ್ಮ ತೀರಿಕೊಂಡಾಗ ತಮ್ಮ ಇನ್ನೂ ಸಣ್ಣವನು. ಉಡುಪಿಯ ಕಡೆಯಿಂದ ಮದುವೆಯಾಗಿ ಬರುವಾಗ ಪೆಟ್ಟಿಗೆಯ ಜತೆ ಅವನನ್ನೂ ಕರೆತಂದೆ. ಈ ಹೋಟೆಲಿನ ಅಕ್ಕಿಮೂಟೆಗಳ ಮೇಲೆ ಮಲಗಿ ಬೆಳೆದವನು ಪವಾಯಿಯಲ್ಲಿ ಕಂಪ್ಯೂಟರಿನ ಆಫೀಸು ಸೇರಿದ. ಕನ್ನಡ ತಡವರಿಸುತ್ತಾನೆ, ನಡುನಡುವೆ ಹಿಂದಿ ತುರುಕುತ್ತಾನೆ, ಆದರೆ ಸಿಟ್ಟು ಬಂದರೆ ಶುದ್ಧ ತುಳುವಿನಲ್ಲೇ ಬೈಯುತ್ತಾನೆ. ಅದು ನಾನು ಕಲಿಸಿದ್ದು.

ಒಂದು ಭಾನುವಾರ ಅವನು ಆಫೀಸಿನ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದ. ಫೋನಿನೊಳಗಿನ ನಾಣ್ಯವಂತೆ, ಯಾರು ಬೇಕಾದರೂ ಹೊಸದು ಹುಟ್ಟಿಸಬಹುದಂತೆ, ಈ ಮೂವರೂ ಸೇರಿ ಒಂದನ್ನು ಹುಟ್ಟಿಸುತ್ತಾರಂತೆ. ಜನ ಕೊಂಡರೆ ಬೆಲೆ ಏರುತ್ತದೆ, ಮಾರಿದರೆ ಇಳಿಯುತ್ತದೆ. ಅದಕ್ಕೂ ಟೋಕನ್ ಎಂದೇ ಹೆಸರು ಎಂದಾಗ ನನ್ನ ಕಿವಿ ನೆಟ್ಟಗಾಯಿತು.

"ಟೋಕನ್ ಅಂದ ಮೇಲೆ ಅದನ್ನು ಕೊಟ್ರೆ ಎಂತ ಸಿಗ್ತದೆ?" ಎಂದು ಕೇಳಿದೆ.

ಗೆಳೆಯರಲ್ಲಿ ಒಬ್ಬ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದ. ನಾನು ತಮ್ಮನ ಕಡೆ ತಿರುಗಿದೆ. "ಇವನು ಹೇಳುದು ನಂಗೆ ಬೇಡ ಮಾರಾಯ. ತಿನ್ಲಿಕ್ಕೆ ಎಂತ ಸಿಗ್ತದೆ?"

ತಮ್ಮ ಗಲ್ಲಾದ ಮೇಲಿದ್ದ ದುಂಡು ಬಿಲ್ಲೆ ಎತ್ತಿ ತಿರುಗಿಸಿ ನೋಡಿದ. "ಇದೇ ಅಕ್ಕ," ಎಂದ. "ಒಂದು ಟೋಕನ್‌ಗೆ ಒಂದು ಮಸಾಲೆ ದೋಸೆ. ಇಲ್ಲಿ, ನಿನ್ನ ಹೋಟೆಲಿನಲ್ಲಿ, ಯಾವಾಗ ಬೇಕಾದ್ರೂ."

ನಾನು ಒಪ್ಪಿದೆ. ಬೇರೆಯವರ ನಾಣ್ಯಕ್ಕೆ ನಾಯಿಯ ಚಿತ್ರವಿದ್ದರೆ, ಕಪ್ಪೆಯ ಚಿತ್ರವಿದ್ದರೆ, ನಮ್ಮದರ ಹಿಂದೆ ದೋಸೆಯಿತ್ತು. ಉದ್ಘಾಟನೆಯ ದಿನ ಗಲ್ಲಾದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅದಕ್ಕೆ ಕುಂಕುಮ ಹಚ್ಚಿ, ನಮ್ಮ ದೋಸೆ ಭಟ್ಟರೇ ಆರತಿ ಎತ್ತಿದರು. ಬಂದವರಿಗೆಲ್ಲ ಪುಕ್ಕಟೆ ತಿಂಡಿ. ಟೋಕನ್ ವಾಪಸು ಪಡೆಯಲು ತಮ್ಮ ಹೋಟೆಲಿನ ಹೆಸರಿನಲ್ಲಿ ಒಂದು ಖಾತೆ ಮಾಡಿ ನನ್ನ ಫೋನಿಗೆ ಹಾಕಿಕೊಟ್ಟ. ಯಾರಾದರೂ ಕಳಿಸಿದರೆ ಟಿಂಗ್ ಎನ್ನುತ್ತದೆ. ಒಮ್ಮೆ ಬಂದ ಲೆಕ್ಕವನ್ನು ದೇವರು ಬಂದರೂ ಅಳಿಸಲಾಗದು, ಲೋಕವೆಲ್ಲ ನೋಡಬಹುದು ಎಂದು ತಮ್ಮ ಎದೆಯುಬ್ಬಿಸಿ ಹೇಳಿದ. ಆ ನಾಣ್ಯಕ್ಕೆ ಅವರಿಟ್ಟ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ನಮ್ಮ ಗಿರಾಕಿಗಳು ಅದನ್ನು ಅಕ್ಕನ ಟೋಕನ್ ಎಂದರು. ಅಕ್ಕನ ಟೋಕನ್ ಅಲ್ವಾ, ಮುಳುಗುವುದುಂಟಾ ಎಂದು ಒಬ್ಬರಿಗೊಬ್ಬರು ಹೇಳುತ್ತ ಅದನ್ನು ದುಡ್ಡು ಕೊಟ್ಟು ಕೊಂಡರು.

ಬೆಲೆ ಏರಿತು. ಯಾವುದೋ ದೂರದೇಶದ ಆ್ಯಪಿನಲ್ಲಿ ಅದು ವ್ಯಾಪಾರಕ್ಕೆ ಬಂದ ಮೇಲಂತೂ ಒಂದು ಟೋಕನ್ನಿಗೆ ಒಂದು ದೋಸೆಯಲ್ಲ, ಇಡೀ ಮನೆ ಕೂತು ಉಂಡು ಏಳುವಷ್ಟು ಬೆಲೆಯಾಯಿತು. ಆಗೊಂದು ವಿಚಿತ್ರ ನಡೆಯಿತು. ಹೋಟೆಲಿನ ಖಾತೆಗೆ ಒಂದೇ ಒಂದು ಟೋಕನ್ ಬರಲಿಲ್ಲ. ನಾಳೆ ಹೆಚ್ಚಾಗುವುದನ್ನು ಇವತ್ತು ದೋಸೆ ಮಾಡಿ ತಿನ್ನುವ ಮೂರ್ಖ ಯಾರು? ಲೇತ್ ಮೆಷಿನಿನವರು ಚಹಾ ಮಾತ್ರ ಕುಡಿದು ಫೋನು ನೋಡುತ್ತ ಕೂರತೊಡಗಿದರು. ಭಟ್ಟರಿಗೆ ರೇಗಿತು. "ಅಕ್ಕ, ಇವರು ದೋಸೆ ಹೆಸರಲ್ಲಿ ಶ್ರೀಮಂತರಾಗ್ತಾರೆ, ನನ್ನ ಕಾವಲಿ ತಣ್ಣಗಾಗ್ತಾ ಉಂಟು," ಎಂದರು.

ನಗು ಬಂತು. ಆದರೆ ನನ್ನ ಸ್ಥಿತಿಯೂ ಬೇರೆಯಿರಲಿಲ್ಲ. ಗಲ್ಲಾದ ಡ್ರಾವರಿನಲ್ಲಿ ಫೋನಿಟ್ಟು ಬೆಲೆಯ ಹಸಿರು ಗೆರೆ ಏರುವುದನ್ನು ನೋಡುತ್ತ ಚಿಲ್ಲರೆ ತಪ್ಪು ಕೊಡುತ್ತಿದ್ದೆ. ಗೆರೆ ಕೆಂಪಾದರೆ ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡಿ ಬರುತ್ತಿದ್ದೆ. ರಸ್ತೆಯಲ್ಲಿ ಏನಿದೆ, ರಿಕ್ಷಾಗಳ ಸಾಲು. ತಮ್ಮ ಕೆಲಸ ಬಿಟ್ಟ. ಬೇಡ ಎಂದೆ, ಕೇಳಲಿಲ್ಲ. ಅತಿ ಆಸೆ ಗತಿಗೇಡು ಎಂದರೆ, "ಅಕ್ಕ, ಅದು ಹಳೇ ಕಾಲದ್ದು," ಎಂದ. ಹಳೇ ಕಾಲದ್ದೇ ಸರಿ. ಗತಿ ಮಾತ್ರ ಈ ಕಾಲದಲ್ಲೇ ಕೆಟ್ಟಿತು.

ಗೆರೆ ಒಂದು ದಿನ ಕೆಳಗೆ ಬಿದ್ದದ್ದು ಮತ್ತೆ ಏಳಲಿಲ್ಲ. ಆ ಗೆಳೆಯರಿಬ್ಬರು ತಮ್ಮ ಪಾಲನ್ನು ಬೆಲೆ ತುದಿಯಲ್ಲಿದ್ದಾಗ ಸದ್ದಿಲ್ಲದೆ ಮಾರಿಬಿಟ್ಟಿದ್ದರು. ಒಬ್ಬ ದುಬೈಗೆ ಹಾರಿದ, ಇನ್ನೊಬ್ಬನ ಫೋನು ಬಂದ್. ಹೆದರಿದ ಜನ ಸಿಕ್ಕಷ್ಟಕ್ಕೆ ಮಾರಲು ಹೋದರೆ ಆ ದೂರದೇಶದ ಆ್ಯಪು ದುಡ್ಡು ತೆಗೆಯುವ ಬಾಗಿಲನ್ನೇ ಮುಚ್ಚಿತು. ತಮ್ಮ ತನ್ನದರಲ್ಲಿ ಒಂದನ್ನೂ ಮಾರಿರಲಿಲ್ಲ. ಪೆದ್ದ ಎಂದು ಬೈದೆ. ಬೈಯುತ್ತಲೇ ಅತ್ತೆ. ಕಳ್ಳರ ನಡುವೆ ಪೆದ್ದನಾಗಿ ಉಳಿದನಲ್ಲ ಎಂಬುದೇ ಆಗ ನನಗಿದ್ದ ಒಂದು ಸಮಾಧಾನ.

ದುಡ್ಡು ಕಳೆದುಕೊಂಡ ವಿಕ್ರೋಳಿಯ ಕಡೆಯ ಕೆಲವರು ದೂರು ಕೊಟ್ಟರು. ಪೊಲೀಸರ ನೋಟಿಸು ಬಂತು. ಊರಲ್ಲಿ ಉಳಿದಿದ್ದವನು ತಮ್ಮನೊಬ್ಬನೇ, ಹಾಗಾಗಿ ಎಲ್ಲವೂ ಅವನ ತಲೆಗೆ. ಅವನು ಹೋಟೆಲಿನ ಅಟ್ಟಕ್ಕೆ ಬಂದು ಸೇರಿಕೊಂಡ. ಗಲ್ಲಾದ ತಲೆಯ ಮೇಲೇ ಆ ಹಲಗೆ; ಅವನು ಅತ್ತಿಂದಿತ್ತ ನಡೆಯುವ ಸದ್ದು ದಿನವಿಡೀ ಕೇಳುತ್ತಿತ್ತು. ಅವನು ಮೇಲೆ ನಡೆದರೆ ನಾನು ಕೆಳಗೆ ನಡೆಯುತ್ತಿದ್ದೆ.

ನಾವು ಹಿಡಿದ ವಕೀಲೆ ಮರಾಠಿಯವಳು, ವಯಸ್ಸು ಕಡಿಮೆ, ಮಾತು ಚುರುಕು. ಸರ್ಕಾರ ಈ ನಾಣ್ಯದ ಲಾಭಕ್ಕೆ ತೆರಿಗೆ ತೆಗೆದುಕೊಳ್ಳುತ್ತದೆ, ಆದರೆ ಇದು ದುಡ್ಡು ಎಂದು ಒಪ್ಪುವುದಿಲ್ಲ ಎಂದು ನಗುತ್ತ ಹೇಳಿದಳು. ಆಮೇಲೆ ನಗು ನಿಲ್ಲಿಸಿ ಹಿಂದಿಯಲ್ಲಿ ನನಗೆ ಅರ್ಥವಾಗುವಂತೆ ಬಿಡಿಸಿದಳು. ಇದು ಬರೀ ಕೊಂಡು ಮಾರುವ ಆಟ, ಏರಿಳಿತ ಕೊಂಡವನ ಹಣೆಬರಹ ಎಂದು ನಾವು ವಾದಿಸಬೇಕು. ಟೋಕನ್ನಿಗೆ ದೋಸೆ ಕೊಡುತ್ತೇವೆಂಬುದು ಪ್ರಚಾರದ ತಮಾಷೆ. ಹೋಟೆಲಿನ ಖಾತೆಗೆ ಇದುವರೆಗೆ ಒಂದೂ ಬಂದಿಲ್ಲ, ಅದೇ ನಮ್ಮ ಬಲ. "ಒಂದೇ ಒಂದು ದೋಸೆ ಕೊಟ್ಟಿರೋ, ನೀವು ಮಾತು ಕೊಟ್ಟು ಜನರ ದುಡ್ಡು ಪಡೆದದ್ದು ಖರೆ ಎಂದಾಗುತ್ತದೆ. ನಿರೀಕ್ಷಣಾ ಜಾಮೀನು ಸಿಗುವುದಿಲ್ಲ. ತಮ್ಮ ಒಳಗೆ ಹೋಗುತ್ತಾನೆ."

ಹೋಟೆಲಿಗೆ ಬಂದು ಬೋರ್ಡು ಹಾಕಿಸಿದೆ. ಇಲ್ಲಿ ಪಿತ್ತಳೆ ಟೋಕನ್ ಮಾತ್ರ ನಡೆಯುತ್ತದೆ. ಕನ್ನಡ, ಮರಾಠಿ, ಹಿಂದಿ. ಗಂಡನ ಫೋಟೋದ ಎದುರಿಗೇ ಅದು ಬಂತು. ಬೇರೆ ಗೋಡೆ ಇರಲಿಲ್ಲ.

ಬಂದವರಿದ್ದರು. ಬೈದವರು, ಗಲ್ಲಾಕ್ಕೆ ಗುದ್ದಿದವರು. ಬೈದವರಿಗೆ ತಿರುಗಿ ಬೈಯಬಹುದು, ಅದು ನನಗೆ ಕಷ್ಟವಲ್ಲ. ಕಷ್ಟವಾದದ್ದು ಬೈಯದ ಒಬ್ಬ. ವಿಜಯಪುರದ ಕಡೆಯವನು, ಗಾರೆ ಕೆಲಸ. ಹತ್ತಿರದಲ್ಲೇ ಎದ್ದ ಹೊಸ ಬಿಲ್ಡಿಂಗಿನಲ್ಲಿ ಅವನೂ ಅವನ ಹೆಂಡತಿಯೂ ದುಡಿಯುತ್ತಿದ್ದರು. ಇಬ್ಬರೂ ಹಳೆಯ ಗಿರಾಕಿಗಳು, ತಿಂಗಳ ಟೋಕನ್ ಕೊಳ್ಳುತ್ತಿದ್ದವರು. ಅವನು ದಿನಾ ಊಟದ ಬಿಡುವಿನಲ್ಲಿ ಬಂದು ಕೈತೊಳೆಯುವ ತೊಟ್ಟಿಯ ಪಕ್ಕದ ಮೇಜಿಗೆ ಕೂತು, ಫೋನನ್ನು ಎದುರಿಗಿಟ್ಟು, ನನ್ನನ್ನು ನೋಡಿ, ಬೋರ್ಡು ನೋಡಿ, ಎದ್ದುಹೋಗುತ್ತಿದ್ದ. ಏನೂ ತಿನ್ನುತ್ತಿರಲಿಲ್ಲ. ಅವನು ಬರುವ ಹೊತ್ತಾಗುತ್ತಲೇ ನನಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ಹುಟ್ಟಿಕೊಳ್ಳುತ್ತಿತ್ತು.

ಕೋರ್ಟಿನ ದಿನ ಗೊತ್ತಾಯಿತು. ಅದರ ಹಿಂದಿನ ಮಧ್ಯಾಹ್ನ ಅವನು ಹೆಂಡತಿಯೊಂದಿಗೆ ಬಂದ. ಇಬ್ಬರ ಕೈಯಲ್ಲೂ ಗಂಟುಗಳು. ಈ ಸಲ ಮೇಜಿಗೆ ಹೋಗದೆ ನೇರ ಗಲ್ಲಾಕ್ಕೆ ಬಂದ.

"ಊರಿಗಿ ಹೊಂಟೀವ್ರಿ ಅಕ್ಕಾರ," ಎಂದ. "ಬಿಲ್ಡಿಂಗ್ ಕೆಲಸ ಮುಗೀತು. ಮತ್ತ ಈ ಕಡಿ ಬರೂದು ಖಾತ್ರಿ ಇಲ್ಲ. ಎರಡು ದೋಸಿ ಕೊಡ್ರಿ, ನಿಮ್ಮ ಎರಡು ಟೋಕನ್ ತಗೋರಿ."

"ಟೋಕನ್ ಬೇಡ," ಎಂದೆ. "ಕೂತ್ಕೊಳ್ಳಿ ಇಬ್ರೂ. ಹಾಗೇ ತಿನ್ನಿ. ಹೋಗುವ ಮೊದಲು ನನ್ನ ಲೆಕ್ಕದಲ್ಲಿ ಒಂದು ಊಟ."

ಅವನ ಮುಖ ಬಿಗಿಯಿತು. "ಹಂಗ ಬ್ಯಾಡ್ರಿ. ನಾವು ಬೇಡಾಕ ಬಂದಿಲ್ರಿ. ದುಡ್ಡ ಕೊಟ್ಟು ತಗೊಂಡಿದ್ದು ಐತಿ."

"ತಗೊಳ್ಳಿಕ್ಕೆ ಆಗುದಿಲ್ಲ ಮಾರಾಯ. ಕೋರ್ಟು, ವಕೀಲ, ನಿನಗೆ ಹೇಗೆ ಹೇಳುದು..."

"ಹೇಳಬ್ಯಾಡ್ರಿ," ಎಂದಳು ಹೆಂಡತಿ, ಮೆಲ್ಲಗೆ. "ಉಳಿದ ದುಡ್ಡು ಹೋದ್ರ ಹೋಗ್ಲಿರಿ. ಬ್ಯಾರೇ ಯಾರರ ನಾಣ್ಯ ಆಗಿದ್ರ ಇವರು ತಗೋತಿದ್ದಿಲ್ಲ. ಅಕ್ಕಾರ ಟೋಕನ್ ಅಂತ ತಗೊಂಡ್ರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾದೆ ಎಲ್ಲರಿಗೂ ಗೊತ್ತು. ಆಡಿದ ಮಾತು ಗಂಟು ಹಿಡಿದು ಗಲ್ಲಾದ ಎದುರು ಬಂದು ನಿಂತಾಗ ಏನು ಮಾಡಬೇಕೆಂದು ಗಾದೆ ಹೇಳುವುದಿಲ್ಲ. ಒಂದು ಕಡೆ ಮೇಲೆ ಅಟ್ಟದಲ್ಲಿ ತಮ್ಮ, ಇನ್ನೊಂದು ಕಡೆ ಇವರು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಆ ಹೆಂಗಸಿನ ಮೇಲೆ ಸಿಟ್ಟು ಬಂತೆಂದರೆ ನನ್ನ ಬುದ್ಧಿ ಎಲ್ಲಿತ್ತು ನೋಡಿ. ಅವರು ಗಂಟು ಎತ್ತಿಕೊಂಡು ಬಾಗಿಲಿನತ್ತ ತಿರುಗಿದರು. ಮೇಲೆ ನಡೆಯುವ ಸದ್ದು ನಿಂತಿದ್ದು ಆಗ ನನ್ನ ಗಮನಕ್ಕೆ ಬಂತು. ತಮ್ಮ ಏಣಿಯ ಅರ್ಧದಲ್ಲಿ ನಿಂತಿದ್ದ, ಗಡ್ಡ ಬೆಳೆದು ಯಾರೋ ಎಂಬಂತಿದ್ದ.

"ಅಕ್ಕ," ಎಂದ. "ತಗೋ."

"ನಾಳೆ ಕೋರ್ಟುಂಟು."

"ಗೊತ್ತುಂಟು. ತಗೋ ನೀನು."

ಬಾಗಿಲಿಗೆ ಹೋದವರನ್ನು ಕೂಗಿ ಕರೆದು, ಡ್ರಾವರು ಎಳೆದು ಫೋನು ತೆಗೆದೆ. ಹೋಟೆಲಿನ ಖಾತೆಯ ಗುರುತು ತೋರಿಸಿದೆ. ವಿಜಯಪುರದವನು ತನ್ನ ಫೋನು ಹಿಡಿದು, ಗಾರೆ ಮೆತ್ತಿದ ಹೆಬ್ಬೆರಳನ್ನು ಅಂಗಿಗೆ ಒರೆಸಿ, ಒತ್ತಿದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಟಿಂಗ್ ಎಂದಿತು. ನಾನು ಕಟ್ಟೆಯ ಕಡೆ ತಿರುಗಿ, ಭಟ್ಟರೇ, ಎರಡು ಮಸಾಲೆ ಎಂದೆ. ಭಟ್ಟರು ಕಾವಲಿಗೆ ನೀರು ಚಿಮುಕಿಸಿದರು.

ಹೆದರಿದ್ದೇ ಆಯಿತು. ಆ ಖಾತೆಯ ಮೇಲೆ ಕಣ್ಣಿಟ್ಟು ಕೂತವರಿದ್ದರು. ಮರುದಿನ ಕೋರ್ಟಿನಲ್ಲಿ ಎದುರಿನ ವಕೀಲ ಆ ಎರಡು ಟೋಕನ್ನಿನ ಲೆಕ್ಕವನ್ನೇ ಹಿಡಿದು ಎದ್ದುನಿಂತ. ನಮ್ಮ ವಕೀಲೆ ನನ್ನ ಕಡೆ ಒಮ್ಮೆ ನೋಡಿದಳು, ಮತ್ತೆ ಆ ದಿನವಿಡೀ ನೋಡಲಿಲ್ಲ. ಜಾಮೀನು ಸಿಗಲಿಲ್ಲ. ತಮ್ಮನನ್ನು ಕರೆದುಕೊಂಡು ಹೋದರು.

ಬೋರ್ಡು ತೆಗೆಸಿದೆ. ಇನ್ನು ಅದಕ್ಕೆ ಕೆಲಸವಿರಲಿಲ್ಲ. ಸುದ್ದಿ ತಿಳಿದು ಜನ ಬರತೊಡಗಿದರು, ಈಗಲೂ ಬರುತ್ತಾರೆ. ಕೆಲವರು ಹಿಂದೆ ಗುದ್ದಿದ ಗಲ್ಲಾದ ಮೇಲೇ ಫೋನಿಟ್ಟು ನಾಚಿಕೊಂಡು ನಿಲ್ಲುತ್ತಾರೆ. ಒಬ್ಬರಿಗೆ ದಿನಕ್ಕೊಂದು, ಅದಕ್ಕಿಂತ ಹೆಚ್ಚು ನನ್ನ ಕೈಲಾಗುವುದಿಲ್ಲ ಎಂದಿದ್ದೇನೆ. ಕೋಪ ಮಾಡಿಕೊಂಡವರೂ ಉಂಟು. ಎಲ್ಲ ಟೋಕನ್ ತೀರುವುದರೊಳಗೆ ಹೋಟೆಲು ಉಳಿಯುತ್ತದೋ ಇಲ್ಲವೋ ನನಗೆ ತಿಳಿಯದು. ಫೋನು ಟಿಂಗ್ ಎಂದಾಗಲೆಲ್ಲ ಎದ್ದುನಿಲ್ಲುತ್ತೇನೆ.

ಜೈಲಿನ ಮೊದಲ ಭೇಟಿಗೆ ಹೋದಾಗ ಗೇಟಿನಲ್ಲಿ ಫೋನು ಇಟ್ಟುಕೊಂಡರು, ಕಟ್ಟಿ ತಂದಿದ್ದ ದೋಸೆಯನ್ನೂ ಇಟ್ಟುಕೊಂಡರು. ಗಾಜಿನ ಆಚೆ ತಮ್ಮ ಕೂತಿದ್ದ, ಗಡ್ಡ ತೆಗೆಸಿದ್ದ. ನಾನು ವಕೀಲೆ ಹೇಳಿದ್ದು, ಮುಂದಿನ ತಾರೀಕು, ಮೇಲಿನ ಕೋರ್ಟು ಎಂದು ಒಂದೇ ಉಸಿರಿಗೆ ಹೇಳುತ್ತಿದ್ದೆ. ಅವನಿಗೆ ಅದು ಬೇಕಿರಲಿಲ್ಲ.

"ಅಕ್ಕ, ಅವತ್ತು ಅವರು ದೋಸೆ ಪೂರ್ತಿ ತಿಂದ್ರಾ?" ಎಂದು ಕೇಳಿದ. "ನಾನು ಮೇಲೆ ಹೋಗಿಬಿಟ್ಟೆ. ನೋಡ್ಲಿಕ್ಕೆ ಆಗ್ಲಿಲ್ಲ."

"ತಿಂದ್ರು. ಆ ಹೆಂಗಸು ಚಟ್ನಿ ಎರಡು ಸಲ ಹಾಕಿಸಿಕೊಂಡಳು."

ಅವನು ತಡವರಿಸುವ ಅದೇ ಕನ್ನಡದಲ್ಲಿ, "ಹಾಗಾದ್ರೆ ನಾನು ಮಾಡಿದ್ರಲ್ಲಿ ಒಂದು ಟೋಕನ್ ಆದ್ರೂ ಖರೆ ಆಯ್ತಲ್ಲ," ಎಂದ.

"ಒಂದಲ್ಲ ಮಾರಾಯ," ಎಂದೆ. "ಎರಡು."